ಫುಜೂಲಿಯ ಗಜಲ್ ಕ್ವಾಯರ್‌ಗೆ: ಮೊದಲು ಲಘು-ಗುರು, ಆಮೇಲೆ ಸ್ವರ

ಪ್ರಶ್ನೆ: ನಮ್ಮದು 40 ಜನರ ಕ್ವಾಯರ್. ಜೊತೆಗೆ ಚಿಕ್ಕ ಆರ್ಕೆಸ್ಟ್ರಾ ಇದೆ. ಅಜೆರ್ಬೈಜಾನಿ ಕವಿ ಫುಜೂಲಿಯ ಒಂದು ಗಜಲ್‌ಗೆ ಸಂಗೀತ ಬರೆಯಬೇಕೆಂದಿದ್ದೇನೆ. ಸ್ಟಾಫ್ ನೊಟೇಶನ್ ಬರುತ್ತದೆ, ಕರ್ನಾಟಕ ಸಂಗೀತವೂ ತಕ್ಕಮಟ್ಟಿಗೆ ಗೊತ್ತು, ಆದರೆ ಅಜೆರ್ಬೈಜಾನಿ ಭಾಷೆ ಬಾರದು. ಎಲ್ಲಿಂದ ಶುರುಮಾಡಬೇಕು? ಅಲ್ಲಿನ ಸಾಂಪ್ರದಾಯಿಕ ಮನೋಧರ್ಮ ಗಾಯನವಾದ ಮುಗಾಮ್ ಶೈಲಿಯನ್ನು ನಾಲ್ಕು ಧ್ವನಿಯ ಹಾರ್ಮೊನಿಯೊಳಗೆ ತರಲು ಸಾಧ್ಯವೇ? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಉತ್ತರ: ಸ್ವರವನ್ನು ಸದ್ಯಕ್ಕೆ ಬದಿಗಿಡಿ. ಈ ಕಾವ್ಯದ ಲಯ ಆಗಲೇ ಪದ್ಯದೊಳಗೆ ಬರೆದಿಟ್ಟಾಗಿದೆ. ಅದನ್ನು ಓದಲು ಕನ್ನಡ ಛಂದಸ್ಸು ಕಲಿತವರಿಗೆ ಹೊಸ ವಿದ್ಯೆ ಏನೂ ಬೇಕಿಲ್ಲ. ಫುಜೂಲಿ, ನಸೀಮಿ, ನಿಜಾಮಿ ಮೂವರೂ ಬರೆದದ್ದು ‘ಅರೂಜ್’ ಛಂದಸ್ಸಿನಲ್ಲಿ. ಅದು ಲಘು-ಗುರುಗಳ ಲೆಕ್ಕ. ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಲ್ಲಿ ಮುಗಿಯುವ ಅಕ್ಷರ ಗುರು, ದೀರ್ಘ ಸ್ವರ ಗುರು ಎಂಬ ನಿಯಮಗಳು ನಮ್ಮ ವೃತ್ತಗಳದೇ. ಈ ಲೆಕ್ಕ ಮಾಡದೆ ಪಿಯಾನೊ ಮುಂದೆ ಕೂತು ಇಂಪಾದ ಮಟ್ಟು ಹುಡುಕಿ, ಅದಕ್ಕೆ ಮಾತು ತುರುಕಿದರೆ ಅಜೆರ್ಬೈಜಾನಿ ಕೇಳುಗರಿಗೆ ಪದ್ಯ ಎರಡನೇ ಸಾಲಿಗೇ ಮುರಿದುಬಿದ್ದಂತೆ ಕೇಳುತ್ತದೆ.

ನಿಮ್ಮ ಕೆಲಸಕ್ಕೆ ಒಂದು ಗಜಲ್ ಸೂಚಿಸುತ್ತೇನೆ. ಫುಜೂಲಿಯ ಅತ್ಯಂತ ಪ್ರಸಿದ್ಧ ಗಜಲ್‌ಗಳಲ್ಲಿ ಇದೂ ಒಂದು. ಅದರ ಮತ್ಲಾದ, ಅಂದರೆ ಮೊದಲ ದ್ವಿಪದಿಯ, ಮೊದಲ ಸಾಲು:

ಮೆನಿ ಜಾನ್‌ದನ್ ಉಸನ್‌ದಿರ್‌ದಿ, ಜೆಫಾದನ್ ಯಾರ್ ಉಸನ್‌ಮಜ್‌ಮಿ

‘ಬದುಕೇ ಬೇಸರವಾಗುವಂತೆ ಮಾಡಿದಳು, ಕಾಡುವುದರಲ್ಲಿ ನಲ್ಲೆಗೆ ಬೇಸರವಾಗದೇ?’ ಎಂದು ಅರ್ಥ. ಇದರ ಗಣ ‘ಮೆಫಾಈಲುನ್’, ಸಾಲಿಗೆ ನಾಲ್ಕು ಸಲ. ನಮ್ಮ ಲೆಕ್ಕದಲ್ಲಿ ಯಗಣದ ಮೇಲೊಂದು ಗುರು: ಲಘು, ಗುರು, ಗುರು, ಗುರು. ನಾಲ್ಕು ಯಗಣಗಳ ಭುಜಂಗಪ್ರಯಾತ ಬಾಯಲ್ಲಿದ್ದರೆ, ಪ್ರತಿ ಗಣಕ್ಕೂ ಇನ್ನೊಂದು ಗುರು ಸೇರಿಸಿ ಹೇಳಿನೋಡಿ. ಕಿವಿಗೆ ದಾರಿ ಸಿಕ್ಕಿಬಿಡುತ್ತದೆ.

ಲಘುವಿಗೆ 1, ಗುರುವಿಗೆ 2 ಮಾತ್ರೆ ಹಿಡಿದರೆ ಗಣಕ್ಕೆ 7. ‘ಮೆ-ನಿ’ ಮೂರು, ‘ಜಾನ್-ದನ್’ ನಾಲ್ಕು. ಅಂದರೆ 3+4, ನೇರವಾಗಿ ಮಿಶ್ರಚಾಪು. ಸಾಲಿಗೆ 28 ಮಾತ್ರೆ, ದ್ವಿಪದಿಗೆ 56. ಮಾತ್ರೆಗೆ ಒಂದು ಎಂಟನೇ ಸ್ವರ ಕೊಟ್ಟು, ನಿಮಿಷಕ್ಕೆ 168 ಎಂಟನೇ ಸ್ವರಗಳ ವೇಗ ಇಟ್ಟರೆ ಒಂದು ದ್ವಿಪದಿಗೆ ಸರಿಯಾಗಿ 20 ಸೆಕೆಂಡು. ಈ ಗಜಲ್‌ನಲ್ಲಿ 7 ದ್ವಿಪದಿ. ಅಕ್ಷರಕ್ಕೊಂದು ಸ್ವರದಂತೆ ಇಡೀ ಪದ್ಯ ಹಾಡಿದರೂ 2 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ನಿಮ್ಮ ಕೃತಿಯ ಉಳಿದ ಕಾಲವನ್ನೆಲ್ಲ ತುಂಬಬೇಕಾದದ್ದು ಎಳೆತ, ಪುನರಾವರ್ತನೆ, ಒಂಟಿ ಗಾಯನ ಮತ್ತು ವಾದ್ಯಗಳು. ಇದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಅಜೆರ್ಬೈಜಾನಿನಲ್ಲಿ ಈ ಛಂದಸ್ಸನ್ನು ಯಾವಾಗಲೂ ಏಳರ ತಾಳದಲ್ಲೇ ಹಾಡುತ್ತಾರೆ ಎಂದು ತಿಳಿಯಬೇಡಿ. ಮುಗಾಮ್‌ನಲ್ಲಿ ಹಾಡುಗಾರ ತಾಳವೇ ಇಲ್ಲದೆ ಹಾಡುತ್ತಾನೆ; ಲಘು ಗಿಡ್ಡವಾಗಿ, ಗುರು ಉದ್ದವಾಗಿ ಕೇಳಿದರೆ ಸಾಕು, 1:2 ಎಂಬುದು ಗಡಿಯಾರದ ಲೆಕ್ಕವಲ್ಲ. ತಾಳಬದ್ಧ ಹಾಡುಗಳಲ್ಲಿ ಅಲ್ಲಿನ ಕಿವಿಗೆ ಹೆಚ್ಚು ಹತ್ತಿರವಾದದ್ದು 6/8. ಇದೇ ಗಣವನ್ನು 6/8ರ ಎರಡು ಬಾರ್‌ಗಳಲ್ಲಿ 1+2+3+6 ಎಂದು ಕೂರಿಸಬಹುದು. 4/4ರಲ್ಲಿ 1+2+2+3 ಎಂದೂ ಮಾಡಬಹುದು. ಮೂರರಲ್ಲೂ ಲಘು ಲಘುವಾಗಿಯೇ ಉಳಿಯುತ್ತದೆ. ಕ್ವಾಯರ್‌ಗೆ ನನ್ನ ಆಯ್ಕೆ ಮಾತ್ರ ಏಳು. ಮಿಶ್ರಚಾಪು ಕೈಯಲ್ಲಿರುವ ಹಾಡುಗಾರರಿಗೆ ಅದು ಒಂದೇ ದಿನದಲ್ಲಿ ಬರುತ್ತದೆ, 28 ಮಾತ್ರೆಯ ಸಾಲು ಬಿಗಿಯಾಗಿ ನಿಲ್ಲುತ್ತದೆ.

ಲೆಕ್ಕ ಮಾಡುವಾಗ ನಿಮಗೆ ಎದುರಾಗುವ ಮೊದಲ ತೊಡಕು: ‘ಮೆನಿ’ಯ ‘ನಿ’ ಹ್ರಸ್ವ, ಆದರೂ ಅಲ್ಲಿ ಗುರು ಬೇಕು. ‘ಉಸನ್‌ದಿರ್‌ದಿ’ಯ ಕೊನೆಯ ‘ದಿ’ಯೂ ಹಾಗೆಯೇ. ಅರೂಜ್ ಬಂದದ್ದು ಅರಬ್ಬಿ-ಫಾರಸಿಯಿಂದ, ಆ ಭಾಷೆಗಳಲ್ಲಿ ದೀರ್ಘ ಸ್ವರಗಳಿವೆ. ತುರ್ಕಿ ಮೂಲದ ಪದಗಳಲ್ಲಿ ಅಂಥ ದೀರ್ಘ ಇಲ್ಲ. ಹಾಗಾಗಿ ಕವಿ ಬೇಕಾದ ಕಡೆ ಹ್ರಸ್ವವನ್ನು ಎಳೆದು ಗುರು ಮಾಡುತ್ತಾನೆ. ಇದಕ್ಕೆ ‘ಇಮಾಲೆ’ ಎನ್ನುತ್ತಾರೆ. ಹಳಗನ್ನಡದ ಶಿಥಿಲದ್ವಿತ್ವ ಬಲ್ಲವರಿಗೆ ಈ ಬಗೆಯ ಸಲಿಗೆ ಹೊಸದಲ್ಲ. ಅಲ್ಲಿ ಗುರುವಾಗಬೇಕಿದ್ದದ್ದು ಲಘುವಾಗುತ್ತದೆ, ಇಲ್ಲಿ ಲಘು ಗುರುವಾಗುತ್ತದೆ. ಸಂಗೀತದಲ್ಲಿ ಇಮಾಲೆಯ ಅಕ್ಷರವನ್ನು ಉದ್ದ ಹಿಡಿಯಿರಿ, ಆದರೆ ಒತ್ತಬೇಡಿ, ಸಾಲಿನ ಅತಿ ಎತ್ತರದ ಸ್ವರವನ್ನು ಅದರ ಮೇಲೆ ಇಡಬೇಡಿ.

ಎರಡನೆಯದು ಸಂಧಿ. ಇದೇ ಸಾಲಿನಲ್ಲಿ ‘ಉಸನ್’ ಎಂಬ ಧಾತು ಎರಡು ಸಲ ಬರುತ್ತದೆ, ಎರಡು ಕಡೆಯೂ ನಡೆ ಬೇರೆ. ‘ಜಾನ್‌ದನ್ | ಉಸನ್’ ಎಂಬಲ್ಲಿ ಕೂಡಿಸಿ ‘ದ-ನು-ಸನ್’ ಎಂದರೆ ‘ದ’ ಲಘುವಾಗಿ ಗಣ ಕೆಡುತ್ತದೆ. ಅಲ್ಲಿ ‘ನ್’ ಮುಚ್ಚಿ, ಹೊಸದಾಗಿ ‘ಉ’ ಎತ್ತಬೇಕು. ‘ಯಾರ್ ಉಸನ್’ ಎಂಬಲ್ಲಿ ಇದಕ್ಕೆ ತಿರುಗುಮುರುಗು: ಬಿಡಿಸಿ ಹಾಡಿದರೆ ‘ಯಾರ್’ ಅತಿ ಉದ್ದವಾಗಿ ಒಂದು ಮಾತ್ರೆ ಮಿಗುತ್ತದೆ, ಆದ್ದರಿಂದ ‘ಯಾ-ರು-ಸನ್’ ಎಂದೇ ಹಾಡಬೇಕು. ಅಲ್ಪವಿರಾಮ ನೋಡಿ ಉಸಿರು ತೆಗೆಯುವ ಅಭ್ಯಾಸದ ಕ್ವಾಯರ್ ಇಂಥ ಕಡೆ ತಪ್ಪದೆ ಎಡವುತ್ತದೆ. ಪಾರ್ಟ್‌ಗಳಲ್ಲಿ ಸಾಹಿತ್ಯವನ್ನು ಪದ ಒಡೆದು ಅಲ್ಲ, ಗಣ ಒಡೆದು ಅಚ್ಚು ಮಾಡಿಸಿ. ಕೂಡುವಲ್ಲಿ ಕೆಳಗೊಂದು ಕಮಾನು, ಬಿಡಿಸುವಲ್ಲಿ ಒಂದು ನೇರ ಗೆರೆ ಹಾಕಿ.

ಮೂರನೆಯದು ಅತಿಗುರು. ಕನ್ನಡ ಛಂದಸ್ಸಿನಲ್ಲಿ ಇದಕ್ಕೆ ಸಮನಾದದ್ದಿಲ್ಲ. ಫುಜೂಲಿಯ ‘ಸು’ (ನೀರು) ಕಸೀದೆಯ, ಅಂದರೆ ಸ್ತುತಿಕಾವ್ಯದ, ಮೊದಲ ಸಾಲು ನೋಡಿ:

ಸಚ್‌ಮ ಎಯ್ ಗೊಜ್ ಎಶ್ಕ್‌ದೆನ್ ಕೊನ್‌ಲುಮ್‌ದೆಕಿ ಓದ್‌ಲಾರ ಸು

‘ಕಣ್ಣೇ, ನನ್ನೆದೆಯ ಬೆಂಕಿಗೆ ಕಣ್ಣೀರಿನ ನೀರು ಚೆಲ್ಲಬೇಡ’. ಗಣ ಫಾಇಲಾತುನ್, ಎಂದರೆ ರಗಣದ ಮೇಲೊಂದು ಗುರು. ಸಾಲಿನ ಕೊನೆಯ ಗಣ ಮಾತ್ರ ಬರೀ ರಗಣ. ‘ಎಶ್ಕ್’ ಎಂಬ ಒಂದೇ ಅಕ್ಷರ ಇಲ್ಲಿ ಗುರು ಮತ್ತು ಲಘು ಎರಡರ ಜಾಗ ತುಂಬುತ್ತದೆ, 3 ಮಾತ್ರೆ. ಅದಕ್ಕೆ ಚುಕ್ಕೆ ಸೇರಿಸಿದ ಕಾಲು ಸ್ವರ ಕೊಟ್ಟು, ‘ಶ್ಕ್’ ಅನ್ನು ಮೂರನೇ ಮಾತ್ರೆಯ ಮೇಲೆ ಮುಚ್ಚಿ. ಎರಡೇ ಮಾತ್ರೆ ಕೊಟ್ಟರೆ ಬಾರ್ ಕುಂಟುತ್ತದೆ. ಆಮೇಲೆ ಎಲ್ಲಿ ತಪ್ಪಿತೆಂದು ಹುಡುಕುತ್ತ ಕೂರಬೇಕು. ಅಂದಹಾಗೆ ಆ ಕಸೀದೆ ಪ್ರವಾದಿಯ ಸ್ತುತಿ. ಬರಿಯ ವಿರಹಗೀತೆಯೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಹಾಕುವುದು ತಪ್ಪು.

ನಸೀಮಿಯ ‘ಮೆನ್‌ದೆ ಸಿಘರ್ ಇಕಿ ಜಹಾನ್, ಮೆನ್ ಬು ಜಹಾನ ಸಿಘ್‌ಮಜಮ್’ (ಎರಡು ಲೋಕವೂ ನನ್ನಲ್ಲಿ ಹಿಡಿಸುತ್ತವೆ, ಈ ಲೋಕದಲ್ಲಿ ನಾನು ಹಿಡಿಸೆನು) ಎತ್ತಿಕೊಂಡರೆ ಲೆಕ್ಕ ಇನ್ನೂ ಸುಲಭ. ಭಗಣ+ಗುರು, ಜಗಣ+ಗುರು, ಒಂದಾದ ಮೇಲೊಂದು. ಎರಡೂ 6 ಮಾತ್ರೆ: 2+1+1+2, ಆಮೇಲೆ 1+2+1+2. ತಾನಾಗಿಯೇ 6/8. ಮೊದಲ ಸಲ ಬರೆಯುವವರಿಗೆ, ಮಕ್ಕಳ ಕ್ವಾಯರ್‌ಗೆ ಇದು ಒಳ್ಳೆಯದು. ಆದರೆ ಇದು ಹುರೂಫಿ ಎಂಬ ಅನುಭಾವಿ ಪಂಥದ ಕವಿಯ ಘೋಷಣೆ. ಆ ನಂಬಿಕೆಗಾಗಿ ಅವನನ್ನು ಅಲೆಪ್ಪೊದಲ್ಲಿ ಕೊಂದರು. ಇದನ್ನು ಮೆಲುದನಿಯ ಪ್ರೇಮಗೀತೆಯಂತೆ ಬರೆಯಬಾರದು.

ನಿಜಾಮಿಯ ವಿಷಯ ಬೇರೆ. ಗಂಜಾದಲ್ಲಿದ್ದ ಆ ಕವಿ ಬರೆದದ್ದು ಫಾರಸಿಯಲ್ಲಿ. ಅಜೆರ್ಬೈಜಾನಿ ಸಂಗೀತ ರಚನೆಕಾರ ಉಜೇಯಿರ್ ಹಾಜಿಬೇಯೋವ್ 1941ರಲ್ಲಿ ‘ಸೆನ್‌ಸಿಜ್’, 1943ರಲ್ಲಿ ‘ಸೆವ್ಗಿಲಿ ಜಾನಾನ್’ ಎಂಬ ಹಾಡುಗಳನ್ನು ರಚಿಸಿದಾಗ ಬಳಸಿದ್ದು ನಿಜಾಮಿಯ ಅಜೆರ್ಬೈಜಾನಿ ಅನುವಾದ. ಅನುವಾದವೂ ಅರೂಜ್‌ನಲ್ಲೇ ಇದೆ. ಮೂಲ ಬೇಕೋ ಅನುವಾದ ಬೇಕೋ ಎಂದು ಮೊದಲೇ ತೀರ್ಮಾನಿಸಿ. ಮೂಲಕ್ಕೆ ಹಕ್ಕುಸ್ವಾಮ್ಯವಿಲ್ಲ, 20ನೇ ಶತಮಾನದ ಅನುವಾದಕ್ಕೆ ಇರಬಹುದು. ಅಚ್ಚಿಗೆ ಮೊದಲು ಅನುಮತಿ ಕೇಳಿ. ಫುಜೂಲಿಯ ಮಟ್ಟಿಗೆ ಈ ತೊಂದರೆ ಇಲ್ಲ. ಆದರೆ ಅಜೆರ್ಬೈಜಾನಿ ಬರಹ 1929ರವರೆಗೆ ಅರಬ್ಬಿ ಲಿಪಿಯಲ್ಲಿತ್ತು, ಆಮೇಲೆ ಲ್ಯಾಟಿನ್‌ಗೆ, ಅಲ್ಲಿಂದ ಸಿರಿಲಿಕ್‌ಗೆ, 1991ರ ನಂತರ ಮತ್ತೆ ಲ್ಯಾಟಿನ್‌ಗೆ ಬಂತು. ಹಾಗಾಗಿ ಮುದ್ರಣದಿಂದ ಮುದ್ರಣಕ್ಕೆ ಕಾಗುಣಿತ ಬದಲಾಗುತ್ತದೆ. ಒಂದೇ ಮುದ್ರಣ ಹಿಡಿಯಿರಿ, ಅಂತರ್ಜಾಲದ ಎರಡು ಪಾಠಗಳನ್ನು ಬೆರೆಸಬೇಡಿ.

ಇನ್ನು ಉಚ್ಚಾರ. ಮೇಲೆ ಕನ್ನಡ ಲಿಪಿಯಲ್ಲಿ ಬರೆದದ್ದು ಕಣ್ಣಿಗೊಂದು ಗುರುತು ಅಷ್ಟೇ, ಅದನ್ನೇ ನೋಡಿ ಹಾಡಿಸಬೇಡಿ. ‘ಮೆನಿ’ಯ ‘ಮೆ’ಯಲ್ಲಿರುವುದು ನಮ್ಮ ಎಕಾರವಲ್ಲ, ‘ಬ್ಯಾಂಕ್’ ಎನ್ನುವಾಗಿನ ಸ್ವರವನ್ನು ಗಿಡ್ಡ ಮಾಡಿದಂಥದು. ‘ದಿರ್‌ದಿ’, ‘ಮಿ’ಗಳಲ್ಲಿ ಇರುವುದು ಇಕಾರವಲ್ಲ, ತುಳುವಿನಲ್ಲಿ ಪದದ ಕೊನೆಗೆ ಬರುವ, ತುಟಿ ದುಂಡಗಾಗದ ಅರೆ ಉಕಾರ ಇದೆಯಲ್ಲ, ಅದಕ್ಕೆ ತೀರ ಹತ್ತಿರ. ನಿಮ್ಮ ಕ್ವಾಯರ್‌ನಲ್ಲಿ ತುಳು ಬಲ್ಲವರಿದ್ದರೆ ಅವರಿಂದಲೇ ಹೇಳಿಸಿ. ‘ಗೊಜ್’, ‘ಕೊನ್’ಗಳಲ್ಲಿ ನಾಲಗೆ ಎಕಾರಕ್ಕೆ, ತುಟಿ ಒಕಾರಕ್ಕೆ, ಫುಜೂಲಿ ಹೆಸರಿನ ಮೊದಲ ಅಕ್ಷರದಲ್ಲಿ ನಾಲಗೆ ಇಕಾರಕ್ಕೆ, ತುಟಿ ಉಕಾರಕ್ಕೆ. ಈ ಎರಡು ಸ್ವರಗಳನ್ನು ಉದ್ದ ಹಿಡಿದಾಗ ಗುಂಪಿನ ಶ್ರುತಿ ಇಳಿಯುತ್ತದೆ, ಏಕೆಂದರೆ ತುಟಿ ದುಂಡಗಾಗುತ್ತಿದ್ದಂತೆ ದವಡೆಯೂ ಬಿಗಿಯುತ್ತದೆ. ದವಡೆ ಸಡಿಲ ಬಿಟ್ಟು ತುಟಿಯಲ್ಲಷ್ಟೇ ಸ್ವರ ಮಾಡಲು ಹೇಳಿ.

ಒತ್ತು ಸಾಮಾನ್ಯವಾಗಿ ಪದದ ಕೊನೆಯ ಅಕ್ಷರದ ಮೇಲೆ. ನಾವು ಕನ್ನಡದವರು ಮೊದಲ ಅಕ್ಷರಕ್ಕೆ ತೂಕ ಕೊಡುವವರು, ಅದು ಗೊತ್ತಿಲ್ಲದೆಯೇ ನುಸುಳುತ್ತದೆ. ಆದರೆ ಪ್ರಶ್ನೆಯ ‘-ಮಿ’ಗೆ ಒತ್ತಿಲ್ಲ, ಒತ್ತು ಅದರ ಹಿಂದಿನ ಅಕ್ಷರಕ್ಕೆ ಸಲ್ಲುತ್ತದೆ. ಈ ಗಜಲ್‌ನಲ್ಲಿ ಇದು ಸಣ್ಣ ವಿಷಯವಲ್ಲ: ಪ್ರತಿ ದ್ವಿಪದಿಯೂ ‘-ಮಜ್‌ಮಿ’ ಎಂಬ, ಪ್ರತಿ ಸಲ ಮರುಕಳಿಸುವ ಕೊನೆಯ ನುಡಿಯಾದ ರದೀಫ್‌ನಲ್ಲೇ ಮುಗಿಯುತ್ತದೆ. ಛಂದಸ್ಸಿಗೆ ‘ಮಿ’ ಗುರು, ಭಾಷೆಗೆ ಅದು ಹಗುರ. ಪಾಶ್ಚಾತ್ಯ ಪದ್ಧತಿಯಂತೆ ಕೊನೆಯ ಅಕ್ಷರವನ್ನು ಬಾರ್‌ನ ಮೊದಲ ಬಡಿತಕ್ಕೆ ಇಟ್ಟು ಪೂರ್ಣ ಧ್ವನಿಯಲ್ಲಿ ಮುಗಿಸಿದರೆ ‘ಬೇಸರವಾಗದೇ?’ ಎಂಬ ಮೊರೆ ಆಜ್ಞೆಯಾಗಿ ಕೇಳುತ್ತದೆ. ‘ಮಜ್’ ಮೇಲೆ ಏರಿ, ‘ಮಿ’ ಮೇಲೆ ಇಳಿದು, ಧ್ವನಿ ಕರಗುತ್ತ ಉದ್ದವಾಗಲಿ.

ರದೀಫ್ ನಿಮಗೆ ಇನ್ನೊಂದು ಉಪಕಾರ ಮಾಡುತ್ತದೆ. ಮುಷಾಯಿರಾದಲ್ಲಿ ಗಜಲ್ ಕೇಳುವವರು ರದೀಫ್ ಬರುವುದನ್ನೇ ಕಾದಿದ್ದು ಕವಿಯ ಜೊತೆ ಹೇಳುವುದನ್ನು ನೋಡಿರುತ್ತೀರಿ. ಕ್ವಾಯರ್‌ನ ಪಾತ್ರವೂ ಅದೇ. ಒಂಟಿ ಧ್ವನಿ ಸಾಲು ಹಾಡಲಿ, ರದೀಫ್‌ಗೆ ಕ್ವಾಯರ್ ಬಂದು ಸೇರಲಿ. ಈ ಗಜಲ್‌ನಲ್ಲಿ ಒಳಪ್ರಾಸವೂ ಇದೆ. ‘ಶೆಬಿ ಹಿಜ್‌ರಾನ್ ಯನರ್ ಜಾನಿಮ್, ತೊಕೆರ್ ಗನ್ ಚೆಶ್‌ಮಿ ಗಿರ್‌ಯಾನಿಮ್, ಒಯದರ್ ಖೆಲ್‌ಗಿ ಎಫ್‌ಘಾನಿಮ್’ (ಅಗಲಿಕೆಯ ಇರುಳಲ್ಲಿ ಉರಿಯುತ್ತದೆ ಜೀವ, ಅಳುವ ಕಣ್ಣು ನೆತ್ತರು ಸುರಿಸುತ್ತದೆ, ನನ್ನ ಗೋಳು ಊರನ್ನು ಎಬ್ಬಿಸುತ್ತದೆ) ಎಂದು ಎಂಟೆಂಟು ಅಕ್ಷರಗಳ ಮೂರು ತುಂಡು ‘-ನಿಮ್’ ಎಂದು ಪ್ರಾಸ ಹೊಂದಿ, ನಾಲ್ಕನೆಯದು ‘ನನ್ನ ಕರಾಳ ಅದೃಷ್ಟ ಮಾತ್ರ ಏಳದೇ?’ ಎಂದು ರದೀಫ್‌ಗೆ ಬೀಳುತ್ತದೆ. ಮೊದಲ ತುಂಡು ಸೊಪ್ರಾನೊಗೆ, ಎರಡನೆಯದು ಟೆನರ್‌ಗೆ, ಮೂರನೆಯದು ಆಲ್ಟೊ ಮತ್ತು ಬಾಸ್‌ಗೆ, ನಾಲ್ಕನೆಯದು ಎಲ್ಲರಿಗೂ. ಹಂಚಿಕೆಯನ್ನು ಕವಿಯೇ ಮಾಡಿಟ್ಟಿದ್ದಾನೆ. ಹಾಜಿಬೇಯೋವ್‌ನ ‘ಲೈಲಿ ಮತ್ತು ಮಜ್ನೂನ್’ ಒಪೆರಾದ ಆರಂಭದ ವೃಂದಗಾನ ಈ ‘ಶೆಬಿ ಹಿಜ್‌ರಾನ್’ ಸಾಲುಗಳದೇ. ಬಾಕುವಿನಲ್ಲಿ 1908ರ ಜನವರಿ 25ರಂದು (ಹಳೆಯ ಪಂಚಾಂಗದಲ್ಲಿ 12) ಮೊದಲು ರಂಗವೇರಿದ ಆ ಒಪೆರಾವನ್ನು ಬರೆಯಲು ಕೂರುವ ಮೊದಲು ಸ್ಕೋರ್ ಸಮೇತ ಕೇಳಿ.

ಆ ಒಪೆರಾದಿಂದ ಕಲಿಯಬೇಕಾದ ದೊಡ್ಡ ಪಾಠ ಅದರ ಕಟ್ಟಡದ್ದು. ವೃಂದಗಾನಗಳನ್ನು ಹಾಜಿಬೇಯೋವ್ ಸ್ವರ ಸಹಿತ ಬರೆದ. ಮುಖ್ಯ ಪಾತ್ರಗಳ ಮುಗಾಮ್ ಭಾಗಗಳಲ್ಲಿ ಯಾವ ಮುಗಾಮ್ ಎಂದಷ್ಟೇ ಸೂಚಿಸಿ, ಹಾಡುವುದನ್ನು ಹಾಡುಗಾರರ ಮನೋಧರ್ಮಕ್ಕೆ ಬಿಟ್ಟ. ನೂರು ವರ್ಷ ಕಳೆದರೂ ಇದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಗಾಮ್‌ನ ‘ಝೆಂಗುಲೆ’ ಎಂಬ ಗಂಟಲಿನ ಬಿರುಸು ಅಲಂಕಾರವನ್ನು 10 ಜನ ಸೊಪ್ರಾನೊಗಳಿಗೆ ಬರೆದುಕೊಟ್ಟು ಒಟ್ಟಿಗೆ ಹಾಡಿಸಿದರೆ ಅದು ಸ್ವರಗಳ ರಾಡಿಯಾಗುತ್ತದೆ. ಅಲಂಕಾರ ಒಂಟಿ ಧ್ವನಿಗೆ, ಛಂದಸ್ಸು ಕ್ವಾಯರ್‌ಗೆ.

ಈಗ ಸ್ವರಕ್ಕೆ ಬರೋಣ. ಹಾಜಿಬೇಯೋವ್ 1945ರ ತನ್ನ ಗ್ರಂಥದಲ್ಲಿ ಏಳು ಮುಖ್ಯ ಶ್ರೇಣಿಗಳನ್ನು ಹೇಳುತ್ತಾನೆ: ರಾಸ್ತ್, ಶೂರ್, ಸೆಗಾಹ್, ಶುಶ್ತರ್, ಚಹಾರ್‌ಗಾಹ್, ಬಯಾತಿ-ಶಿರಾಜ್, ಹುಮಾಯೂನ್. ಪ್ರತಿಯೊಂದಕ್ಕೂ ಒಂದು ಭಾವ: ಸೆಗಾಹ್ ಪ್ರೇಮಕ್ಕೆ, ಶುಶ್ತರ್ ಆಳದ ದುಃಖಕ್ಕೆ, ಚಹಾರ್‌ಗಾಹ್ ಉದ್ವೇಗಕ್ಕೆ, ಹೀಗೆ. ಇವು ನಾಲ್ಕು ಸ್ವರದ ತುಂಡುಗಳಿಂದ ಕಟ್ಟಿದವು. ನಿಮಗೆ ಪರಿಚಯದ ಭಾಷೆಯಲ್ಲೇ ಹೇಳುವುದಾದರೆ ರಾಸ್ತ್‌ನ ತುಂಡು ಶಂಕರಾಭರಣದ ಪೂರ್ವಾಂಗ, ಶೂರ್‌ನದು ಖರಹರಪ್ರಿಯದ್ದು, ಸೆಗಾಹ್‌ನದು ತೋಡಿಯದ್ದು, ಚಹಾರ್‌ಗಾಹ್‌ನದು ಮಾಯಾಮಾಳವಗೌಳದ್ದು. ಅಂತರಗಳು ಮಾತ್ರ ಒಂದೇ. ರಾಗ ಒಂದೇ ಅಲ್ಲ. ನಮ್ಮ ಗಮಕ ತಂದು ಸೇರಿಸಿದರೆ ಆ ಕ್ಷಣಕ್ಕೆ ಅದು ಅಜೆರ್ಬೈಜಾನಿ ಸಂಗೀತವಾಗಿ ಉಳಿಯುವುದಿಲ್ಲ.

ಮುಖ್ಯ ವ್ಯತ್ಯಾಸ ತುಂಡುಗಳನ್ನು ಜೋಡಿಸುವುದರಲ್ಲಿದೆ. ಮೇಳಕರ್ತದಲ್ಲಿ ಮಧ್ಯಮಕ್ಕೆ ಪೂರ್ವಾಂಗ ಮುಗಿದು ಪಂಚಮದಿಂದ ಉತ್ತರಾಂಗ ಶುರುವಾಗುತ್ತದೆ. ರಾಸ್ತ್, ಶೂರ್, ಸೆಗಾಹ್‌ಗಳಲ್ಲಿ ಒಂದು ತುಂಡಿನ ಕೊನೆಯ ಸ್ವರವೇ ಮುಂದಿನದರ ಮೊದಲ ಸ್ವರ, ಸರಪಳಿಯಂತೆ. ರಾಸ್ತ್ ಅನ್ನು ಜಿ ಸ್ವರದಿಂದ ಕಟ್ಟಿದರೆ: ಜಿ-ಎ-ಬಿ-ಸಿ, ಸಿ-ಡಿ-ಇ-ಎಫ್, ಎಫ್-ಜಿ-ಎ-ಬಿ ಫ್ಲಾಟ್. ಕೆಳಗೆ ಬಿ, ಮೇಲೆ ಬಿ ಫ್ಲಾಟ್! ಸ್ಥಾಯಿ ಏರಿದಂತೆ ಸ್ವರಗಳೇ ಬದಲಾದವು. ಮುಗಾಮ್‌ಗೆ ನಾಲ್ಕು ಧ್ವನಿಯ ಹಾರ್ಮೊನಿ ಹಾಕುವವರು ಮುಗ್ಗರಿಸುವುದು ಇಲ್ಲಿಯೇ. ಬಾಸ್‌ಗಳು ಕೆಳಗಿನ ಬಿ ಹಿಡಿದಿರುವಾಗ ಸೊಪ್ರಾನೊಗಳು ಮೇಲಿನ ಬಿ ಫ್ಲಾಟ್‌ಗೆ ಬಂದರೆ ಕಿವಿ ಕೆರೆದಂತಾಗುತ್ತದೆ. ಅದನ್ನು ‘ತಿದ್ದಲು’ ಎರಡನ್ನೂ ಒಂದೇ ಮಾಡಿದರೆ ರಾಸ್ತ್ ಹೋಗಿ ಬರೀ ಮೇಜರ್ ಸ್ಕೇಲ್ ಉಳಿಯುತ್ತದೆ. ಮದ್ದು ಸರಳ: ನಾಲ್ಕು ಧ್ವನಿಗಳೂ ಒಂದು ಹೊತ್ತಿಗೆ ಒಂದೇ ತುಂಡಿನಲ್ಲಿರಲಿ. ಸೊಪ್ರಾನೊ ಮೇಲಿನ ತುಂಡಿಗೆ ಏರುವ ಮುನ್ನ ಬಾಸ್ ಆ ವಿವಾದದ ಸ್ವರ ಬಿಟ್ಟು ಆಧಾರ ಸ್ವರಕ್ಕೆ ಬಂದಿರಲಿ.

ಹಾರ್ಮೊನಿ ಎಷ್ಟು ಬೇಕು? ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಪ್ರತಿ ಸ್ವರಕ್ಕೂ ತ್ರಿಸ್ವರದ ಕಾರ್ಡ್ ಬೇಡ. ಆಧಾರ ಸ್ವರ, ಅಲ್ಲಿ ‘ಮಾಯೆ’ ಎನ್ನುತ್ತಾರೆ, ಅದನ್ನು ಬಾಸ್ ಹಿಡಿಯಲಿ. ಅದರ ಮೇಲೆ ನಾಲ್ಕನೇ ಅಥವಾ ಐದನೇ ಸ್ವರ. ಆಲ್ಟೊ ಮತ್ತು ಟೆನರ್ ಮಟ್ಟಿನ ನೆರಳಾಗಿ ಒಂದೊಂದು ಮಾತ್ರೆ ತಡವಾಗಿ ಬರಲಿ. ಬಾಲಾಬಾನ್ ಎಂಬ ಊದುವಾದ್ಯದ ವಾದಕರು ಜೋಡಿಯಾಗಿ ನುಡಿಸುವಾಗ ಒಬ್ಬರು ಮಟ್ಟು, ಇನ್ನೊಬ್ಬರು ಉಸಿರು ಕಡಿಯದ ಶ್ರುತಿ ಹಿಡಿಯುವುದೇ ಪದ್ಧತಿ. ನಿಮ್ಮ ಬಾಸ್‌ಗಳೂ ಸರದಿಯಲ್ಲಿ ಉಸಿರು ತೆಗೆದು ಆ ಶ್ರುತಿಯನ್ನು ಕಡಿಯದೆ ಹಿಡಿಯಬಹುದು. ಮತ್ಲಾ ಹಾಡುವಾಗ ನಾಲ್ಕು ಧ್ವನಿಯೂ ಒಂದೇ ಅಕ್ಷರದಲ್ಲಿ ಸಾಗಲಿ. ಫ್ಯೂಗ್, ಕ್ಯಾನನ್‌ಗಳ ಆಸೆ ಇದ್ದರೆ ರದೀಫ್ ಮೇಲೆ ಮಾತ್ರ ತೀರಿಸಿಕೊಳ್ಳಿ. ಆ ಹೊತ್ತಿಗೆ ಕೇಳುಗರಿಗೆ ಆ ಪದ ಚೆನ್ನಾಗಿ ಗೊತ್ತಾಗಿರುತ್ತದೆ, ಮಾತು ಕಲಸಿಹೋದರೂ ನಷ್ಟವಿಲ್ಲ.

ಮೊದಲ ಕೃತಿಗೆ ಶೂರ್ ಆರಿಸಿ. ಸೆಗಾಹ್ ಈ ಗಜಲ್‌ಗೆ ಹೆಚ್ಚು ಒಪ್ಪುತ್ತದೆ, ನಿಜ. ಆದರೆ ಸೆಗಾಹ್‌ನ ಸೂಕ್ಷ್ಮ ಶ್ರುತಿ ಪಿಯಾನೊ ಶ್ರುತಿಗೆ ಹೊಂದುವುದಿಲ್ಲ. ತಾರ್ ಎಂಬ ಮೀಟುವ ತಂತಿವಾದ್ಯದ ಮೆಟ್ಟಿಲುಗಳಲ್ಲಿ ಅರ್ಧ ಸ್ವರಕ್ಕಿಂತ ಚಿಕ್ಕ ಅಂತರಗಳಿವೆ. ಅದರ ಜೊತೆ ಓಬೊ, ಕ್ಲಾರಿನೆಟ್‌ಗಳಿಗೆ ಅದೇ ಮಟ್ಟು ಕೊಟ್ಟರೆ ಎರಡೂ ಬೇಸುರಾಗಿ ಕೇಳುತ್ತವೆ. ಸೆಗಾಹ್ ಬೇಕೇಬೇಕೆಂದರೆ ಆ ಭಾಗದಲ್ಲಿ ಗಾಳಿವಾದ್ಯಗಳನ್ನು ಸುಮ್ಮನಿರಿಸಿ, ತಂತಿವಾದ್ಯಗಳಿಗೆ ಮಾಯೆಯೊಂದನ್ನೇ ಬರೆಯಿರಿ.

ಆರ್ಕೆಸ್ಟ್ರಾ ಅಳತೆ: 40 ಜನರ ಕ್ವಾಯರ್ ಅಂದರೆ ಸೊಪ್ರಾನೊ 11, ಆಲ್ಟೊ 10, ಟೆನರ್ 9, ಬಾಸ್ 10 ಎಂದು ಹಿಡಿಯೋಣ. ಇದಕ್ಕೆ ವಯೊಲಿನ್ 6 ಮತ್ತು 5, ವಿಯೋಲಾ 4, ಚೆಲ್ಲೊ 3, ಡಬಲ್ ಬಾಸ್ 2 ಸಾಕು. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್ ಒಂದೊಂದು, ಹಾರ್ನ್ 2. ಅದರ ಮುಂದೆ ತಾರ್, ಕಮಾಂಚಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ಗವಾಲ್ (ಚೌಕಟ್ಟಿನ ಡಫ್). ಈ ಮೂರನ್ನು ನಿರ್ದೇಶಕರ ಎದುರಿಗೇ ಕೂರಿಸಿ. ತಾರ್‌ನ ನಾದ ಮೀಟಿದ ಕೂಡಲೇ ಕ್ಷೀಣಿಸುತ್ತದೆ. ಹಾರ್ನ್ ಅಥವಾ ಪೂರ್ತಿ ಕ್ವಾಯರ್ ನಡೆಯುತ್ತಿರುವಾಗ ತಾರ್‌ಗೆ ಮುಖ್ಯ ಸಾಲು ಬರೆದರೆ ಯಾರಿಗೂ ಕೇಳುವುದಿಲ್ಲ. ಇನ್ನೊಂದು ಸಣ್ಣ ವಿಷಯ, ಆದರೆ ರಿಹರ್ಸಲ್ ಹಾಳುಮಾಡುವಂಥದು: ತಾರ್ ಪಾರ್ಟ್ ಬರೆಯುವುದು ಮೆಜೊ-ಸೊಪ್ರಾನೊ ಕ್ಲೆಫ್‌ನಲ್ಲಿ, ಅಂದರೆ ಎರಡನೇ ಗೆರೆಯ ಮೇಲಿನ ಸಿ ಕ್ಲೆಫ್. ಕಮಾಂಚಾಗೆ ಟ್ರೆಬಲ್. ಬಾಲಾಬಾನ್ ಸಿಗದಿದ್ದರೆ ಕ್ಲಾರಿನೆಟ್‌ನ ಕೆಳಸ್ಥಾಯಿ ಅಥವಾ ಕೋರ್ ಆಂಗ್ಲೆ ಬಳಸಿ. ತಾರ್ ಸಿಗದಿದ್ದರೆ ವೀಣೆ, ಸರೋದ್‌ ತಂದು ಕೂರಿಸಬೇಡಿ. ಅವು ತಮ್ಮ ರಾಗದ ವ್ಯಾಕರಣವನ್ನೂ ಜೊತೆಗೆ ತರುತ್ತವೆ.

ತಂತಿವಾದ್ಯಗಳಿಗೆ ಮುಗಾಮ್ ಬರೆಯುವ ಬಗೆ ತಿಳಿಯಲು ಫಿಕ್ರೆತ್ ಅಮಿರೋವ್ 1948ರಲ್ಲಿ ಬರೆದ ‘ಶೂರ್’, ‘ಕುರ್ದ್-ಒವ್‌ಶಾರಿ’ ಎಂಬ ಸಿಂಫೊನಿಕ್ ಮುಗಾಮ್‌ಗಳು, 1949ರ ನಿಯಾಜಿಯ ‘ರಾಸ್ತ್’ ನೋಡಿ. ಫುಜೂಲಿಯ ಪದ್ಯಕ್ಕೆ ಕ್ವಾಯರ್ ಮತ್ತು ಆರ್ಕೆಸ್ಟ್ರಾ ಒಟ್ಟಿಗೆ ಬಂದದ್ದು ನೋಡಬೇಕಾದರೆ ಜಹಾಂಗೀರ್ ಜಹಾಂಗೀರೋವ್‌ನ ‘ಫುಜೂಲಿ’ ಕಂಟಾಟಾ ಇದೆ.

ಇಡೀ ಕೃತಿಯ ಎಳೆ ಹೀಗಿರಬಹುದು. ಕಮಾಂಚಾ ಮತ್ತು ಶ್ರುತಿಯ ಪೀಠಿಕೆ 75 ಸೆಕೆಂಡು. ಮತ್ಲಾ ಕ್ವಾಯರ್‌ನಲ್ಲಿ ಎರಡು ಸಲ, 60 ಸೆಕೆಂಡು. ಎರಡನೇ ದ್ವಿಪದಿ ಒಂಟಿ ಧ್ವನಿಯಲ್ಲಿ ತಾಳವಿಲ್ಲದೆ, 90. ‘ಶೆಬಿ ಹಿಜ್‌ರಾನ್’ ಹಂಚಿಕೆಯಲ್ಲಿ, 75. ಆಮೇಲೆ ತುದಿ ಮುಟ್ಟುವ ಭಾಗ, 120. ಮಕ್ತಾ (ಕೊನೆಯ ದ್ವಿಪದಿ) 60, ರದೀಫ್ ಮಾತ್ರ ಉಳಿದು ಕರಗುವ ಮುಕ್ತಾಯ 40. ಒಟ್ಟು 8 ನಿಮಿಷ 40 ಸೆಕೆಂಡು. ಏಳೂ ದ್ವಿಪದಿ ಹಾಡಲೇಬೇಕೆಂದಿಲ್ಲ; ಆದರೆ ಮತ್ಲಾ ಮತ್ತು ಫುಜೂಲಿಯ ಹೆಸರು ಬರುವ ಮಕ್ತಾ ಬಿಡುವಂತಿಲ್ಲ.

ತುದಿ ಮುಟ್ಟುವ ಭಾಗಕ್ಕೆ ‘ಜೆರ್ಬಿ ಮುಗಾಮ್’ ಮಾದರಿ ಹಿಡಿಯಿರಿ. ಅದರಲ್ಲಿ ವಾದ್ಯಗಳು ಬಿಗಿಯಾದ ತಾಳದಲ್ಲಿ ಒಂದೇ ನಡೆಯನ್ನು ಸುತ್ತುತ್ತಿರುತ್ತವೆ, ಅದರ ಮೇಲೆ ಖನೆಂದೆ, ಅಂದರೆ ಮುಗಾಮ್ ಹಾಡುಗಾರ, ತಾಳದ ಹಂಗಿಲ್ಲದೆ ತಾರಸ್ಥಾಯಿಯಲ್ಲಿ ಹಾಡುತ್ತಾನೆ. ಆರ್ಕೆಸ್ಟ್ರಾಗೆ ಎರಡು ಬಾರ್‌ಗಳ ನಡೆ ಬರೆದು ಪುನರಾವರ್ತನೆಯ ಚಿಹ್ನೆ ಹಾಕಿ, ಕ್ವಾಯರ್‌ಗೆ ಅದೇ ಬಾರ್‌ಗಳಲ್ಲಿ ರದೀಫ್ ಪಿಸುಗುಟ್ಟಲು ಕೊಡಿ. ಖನೆಂದೆಯ ಪಾರ್ಟ್‌ನಲ್ಲಿ ಸ್ವರ ಬರೆಯಬೇಡಿ. ನಾಲ್ಕು ವಿಷಯ ಸಾಕು: ಮುಗಾಮ್‌ನ ಯಾವ ಭಾಗ, ಮಾಯೆ ಯಾವ ಸ್ವರ, ಸುಮಾರು ಎಷ್ಟು ಸೆಕೆಂಡು, ಯಾವ ಮಾತಿಗೆ ಮುಗಿಯಬೇಕು. ಮುಗಿಸುವಾಗ ಅವರು ಮಾಯೆಗೆ ಇಳಿದು ಬರುವ ಗುರುತಿನ ನುಡಿಗೆ ‘ಅಯಾಗ್’ ಎನ್ನುತ್ತಾರೆ. ನಿರ್ದೇಶಕರು ಎಣಿಸುತ್ತ ಕೂರದೆ ಆ ಅಯಾಗ್ ಕೇಳಿ ಮುಂದಿನ ಗುರುತಿಗೆ ಕೈ ಎತ್ತಬೇಕು. ಸ್ಕೋರ್‌ನಲ್ಲಿ ಅಲ್ಲೊಂದು ದೊಡ್ಡ ಚೌಕದ ಅಕ್ಷರ ಇರಲಿ.

ಖನೆಂದೆ ಸಿಗದಿದ್ದರೆ ಅನುಕರಣೆ ಬೇಡ. ಟೆನರ್ ಅಥವಾ ಮೆಜೊ ಒಬ್ಬರಿಗೆ, ‘ಸೆನ್‌ಸಿಜ್’ ಇದೆಯಲ್ಲ, ಆ ರೊಮಾನ್ಸ್-ಗಜಲ್ ಮಾದರಿಯಲ್ಲಿ, ಪೂರ್ತಿ ಸ್ವರ ಬರೆದುಕೊಡಿ. ಸಿಕ್ಕರೆ, ಒಂದು ಸ್ವರವನ್ನೂ ಅಚ್ಚಿಗೆ ಕಳಿಸುವ ಮೊದಲು ಅವರ ಆಧಾರ ಶ್ರುತಿ ಯಾವುದು, ತಾರಸ್ಥಾಯಿ ಎಲ್ಲಿಯವರೆಗೆ ಎಂದು ಕೇಳಿ. ಎಲ್ಲ ಬರೆದಾದ ಮೇಲೆ ಅವರು ಒಂದು ಸ್ವರ ಮೇಲೆ ಬೇಕು ಎಂದರೆ ತಾರ್ ಹೊಂದಿಕೊಳ್ಳುತ್ತದೆ, ನಿಮ್ಮ ಸೊಪ್ರಾನೊಗಳು ಹೊಂದಿಕೊಳ್ಳುವುದಿಲ್ಲ.

ರಿಹರ್ಸಲ್‌ಗೆ ಎಂಟು ಬೈಠಕ್ ಇಟ್ಟುಕೊಳ್ಳಿ. ಮೊದಲ ಮೂರರಲ್ಲಿ ಸ್ವರವೇ ಬೇಡ: ಮಿಶ್ರಚಾಪು ಹಾಕಿ ಸಾಹಿತ್ಯ ಹೇಳಿಸುವುದು, ಮೊದಲು ‘ಮೆಫಾಈಲುನ್’ ಎಂದು, ಆಮೇಲೆ ಮಾತಿನಲ್ಲಿ. ನಾಲ್ಕು ಮತ್ತು ಐದನೆಯದರಲ್ಲಿ ಮಾಯೆ ಮತ್ತು ಮಟ್ಟು, ಪಿಯಾನೊ ಇಲ್ಲದೆ ಚೆಲ್ಲೊ ಶ್ರುತಿಯ ಮೇಲೆ. ಆರರಲ್ಲಿ ಆರ್ಕೆಸ್ಟ್ರಾ ಸೇರಲಿ. ಏಳನೆಯದಕ್ಕೆ ಅಜೆರ್ಬೈಜಾನಿ ಮಾತೃಭಾಷೆಯವರೊಬ್ಬರನ್ನು ಕೂರಿಸಿ. ಸ್ಕೋರ್ ಕೊಡಬೇಡಿ, ಬರೀ ಪೆನ್ಸಿಲ್ ಕೊಡಿ, ಕೇಳಿ ಅರ್ಥವಾಗದ ಪದಗಳನ್ನು ಬರೆದುಕೊಳ್ಳಲಿ. ಆ ಪಟ್ಟಿಯಲ್ಲಿರುವ ಪದಗಳ ಕಡೆ ಆರ್ಕೆಸ್ಟ್ರಾ ತೆಳುವಾಗಬೇಕು ಅಥವಾ ಒಂದು ಇಮಾಲೆ ತಪ್ಪಾಗಿ ಒತ್ತಿದೆ ಎಂದರ್ಥ. ತಿದ್ದಿ, ಎಂಟನೆಯದರಲ್ಲಿ ಖನೆಂದೆಯ ಜೊತೆ ಅಯಾಗ್‌ನಿಂದ ಮಕ್ತಾಗೆ ದಾಟುವ ಆ ಒಂದು ಜಾಗವನ್ನೇ ಹತ್ತು ಸಲ ಮಾಡಿಸಿ.